ಬ್ಯಾಣದ ಸುರಗಿಯಿಂದ ಬೆಂಗಳೂರಿನ ಗೋಡೆವರೆಗೆ: ಆರ್ಶ್ 300 ಜಿಎಸ್‌ಎಂ ಕಾಗದ, ನಾಲ್ಕು ವಸಂತ ಬಳಸಿದ ಮೇಲೆ

ಮಲ್ಲೇಶ್ವರದಿಂದ ಹಿರಿಯ ಮಹಿಳೆಯೊಬ್ಬರು ಫೋನ್ ಮಾಡಿದ್ದರು. ಎರಡು ವರ್ಷದ ಹಿಂದೆ ಚಿತ್ರಸಂತೆಯಲ್ಲಿ ನನ್ನ ಹತ್ತಿರ ಒಂದು ಮುತ್ತುಗದ ಹೂವಿನ ಜಲವರ್ಣ ತೆಗೆದುಕೊಂಡಿದ್ದವರು. "ಬೈಯೋಕೆ ಮಾಡಿದ್ದಲ್ಲಮ್ಮ, ಬೆಂಗಳೂರಿಗೆ ಬಂದಾಗ ಒಂದ್ಸಲ ಮನೆಗೆ ಬಂದು ನೋಡ್ಕೊಂಡು ಹೋಗು" ಅಂದರು. ಹೋದೆ. ಚಿತ್ರ ಹಾಲ್‌ನಲ್ಲಿ, ಕಿಟಕಿಯ ಎದುರಿನ ಗೋಡೆಯ ಮೇಲೆ ಇತ್ತು. ಕೆಂಡದ ಹಾಗೆ ಇದ್ದ ಹೂವು ಒಗೆದು ಒಗೆದು ಬಣ್ಣ ಬಿಟ್ಟ ಕಾವಿ ಬಟ್ಟೆಯ ಹಾಗಾಗಿತ್ತು. ಹಿಂದಿನ ಆಕಾಶದ ತುಂಬಾ ಸಣ್ಣ ಸಣ್ಣ ಕಂದು ಚುಕ್ಕೆ. "ಸಿಡುಬು ಎದ್ದಂಗಾಗಿದೆ ನೋಡು" ಅಂತ ಅವರೇ ಮೆತ್ತಗೆ ಹೇಳಿದರು. ಕಾಫಿ ಕೊಟ್ಟರು, ದುಡ್ಡಿನ ಮಾತೇ ಎತ್ತಲಿಲ್ಲ. ನನಗೆ ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಚಿತ್ರವನ್ನು ಊರಿಗೆ ತಂದು, ಜಗಲಿಯಲ್ಲಿ ಕೂತು ಫ್ರೇಮ್ ಬಿಚ್ಚಿದೆ. ತಪ್ಪು ಒಂದಲ್ಲ, ಮೂರು. ಕಾಗದ ಮರದ ತಿರುಳಿನದ್ದು, ಒಂದು ಮಳೆಗಾಲ ಪೂರ್ತಿ ನನ್ನ ಬೀರುವಿನಲ್ಲಿ ಕಳೆದದ್ದು, ಬೂಷ್ಟಿನ ಬೀಜ ನಮ್ಮ ಮನೆಯಿಂದಲೇ ಹೋಗಿತ್ತು. ಬಣ್ಣ ಬಿಸಿಲು ತಡೆಯುವಂಥದ್ದಲ್ಲ. ಫ್ರೇಮಿನ ಅಂಗಡಿಯವರು (ಹೆಸರು ಬೇಡ) ಚಿತ್ರದ ನಾಲ್ಕೂ ಬದಿಗೆ ಸೆಲ್ಲೋಟೇಪ್ ಅಂಟಿಸಿ ಕೂರಿಸಿದ್ದರು, ಆ ಟೇಪಿನ ಅಂಟು ಕಾಗದಕ್ಕೆ ಇಳಿದು ಎಣ್ಣೆ ಕಲೆಯಂತೆ ಕಂದುಗಟ್ಟಿತ್ತು. ಅವತ್ತಿನಿಂದ ಸಾಮಾನು ಕೊಳ್ಳುವ ನನ್ನ ರೀತಿಯೇ ಬದಲಾಯಿತು. ಈ ರಿವ್ಯೂ ಮುಖ್ಯವಾಗಿ ಕಾಗದದ್ದು. ಆದರೆ ಕಾಗದ ಒಂದನ್ನೇ ಹಿಡಿದು ಮಾತಾಡಿದರೆ ಅರ್ಧ ಮಾತಾಡಿದ ಹಾಗೆ, ಹಾಗಾಗಿ ಬಣ್ಣ, ಫ್ರೇಮ್ ಕೂಡ ನಡುವೆ ಬರುತ್ತವೆ.

ನಾನು ಇರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆ ಮುಂದೆ ಅಡಿಕೆ ತೋಟ, ಹಿಂದೆ ಬ್ಯಾಣ, ಅಂದರೆ ಸಾಗುವಳಿ ಮಾಡದೆ ಬಿಟ್ಟ ಜಾಗ. ಆ ಬ್ಯಾಣದಲ್ಲಿ ಸುಮಾರು ಒಂದು ಎಕರೆಯನ್ನು ನಾವು ಯಾವತ್ತೂ ಸವರಿಲ್ಲ. ಗಿಡ ತಾನಾಗಿ ಹುಟ್ಟುತ್ತದೆ, ಬಳ್ಳಿ ತಾನಾಗಿ ಹಬ್ಬುತ್ತದೆ. ಕವಳಿ ಮುಳ್ಳು, ಕಾಡು ಮಲ್ಲಿಗೆ, ನೇರಳೆ, ಎರಡು ಸುರಗಿ ಮರ, ಒಂದು ನಾಗಸಂಪಿಗೆ, ಅಂಚಿನಲ್ಲಿ ಒಂದು ಅಪ್ಪೆಮಾವು. "ಇದನ್ನ ಚೊಕ್ಕ ಮಾಡಿ ನಾಲ್ಕು ಕಾಫಿ ಗಿಡ ಆದ್ರೂ ಹಾಕಬಾರದಾ" ಅಂತ ಬಂದ ನೆಂಟರೆಲ್ಲ ಕೇಳುತ್ತಾರೆ. ನನ್ನ ವರ್ಷದ ದುಡಿಮೆ ಪೂರ್ತಿ ಆ ಒಂದು ಎಕರೆಯಿಂದಲೇ ಬರುತ್ತದೆ. ಅಲ್ಲಿ ಅರಳಿದ್ದನ್ನು ಬರೆಯುತ್ತೇನೆ, ಬರೆದದ್ದನ್ನು ಬೆಂಗಳೂರಿಗೆ ಒಯ್ಯುತ್ತೇನೆ.

ಕಷ್ಟ ಏನೆಂದರೆ ಎರಡೂ ಒಟ್ಟೊಟ್ಟಿಗೆ ಬರುತ್ತವೆ. ಜನವರಿಯ ಮೊದಲ ಭಾನುವಾರದ ಹೊತ್ತಿಗೆ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. ಚಿತ್ರಕಲಾ ಪರಿಷತ್ತಿನವರು 2003ರಿಂದ ನಡೆಸಿಕೊಂಡು ಬಂದಿರುವ ಸಂತೆ ಅದು, ಅವತ್ತು ಆ ಇಡೀ ರಸ್ತೆಯೇ ಗ್ಯಾಲರಿ. ಅದು ಮುಗಿಸಿ ಊರಿಗೆ ಬಂದು ಚೀಲ ಇಳಿಸುವಷ್ಟರಲ್ಲಿ ಬೂರುಗ ಬಿಟ್ಟಿರುತ್ತದೆ. ಫೆಬ್ರವರಿಯಲ್ಲಿ ಸುರಗಿ. ಶಿವರಾತ್ರಿಯ ಹಿಂದೆ ಮುಂದೆ ಮುತ್ತುಗ. ಮಾರ್ಚ್‌ನಲ್ಲಿ ನಾಗಸಂಪಿಗೆಯ ಚಿಗುರು, ಇದನ್ನು ನೋಡದವರಿಗೆ ಹೇಗೆ ಹೇಳೋದು, ಎಲೆಯೇ ಹೂವಿನ ಹಾಗೆ ಕೆಂಪಾಗಿ ಜೋತು ಬಿದ್ದಿರುತ್ತದೆ, ನಾಲ್ಕು ದಿನಕ್ಕೆ ತಾಮ್ರ, ಆಮೇಲೆ ಹಸಿರು. ಅದೇ ಹೊತ್ತಿಗೆ, ಯುಗಾದಿಯ ಆಸುಪಾಸಿನಲ್ಲಿ, ಬೆಂಗಳೂರಿನಲ್ಲಿ ನಮ್ಮ ನಾಲ್ಕೈದು ಜನರ ಗುಂಪಿನ ಪ್ರದರ್ಶನ. ಹಾಗಾಗಿ ಈ ಮೂರು ತಿಂಗಳಲ್ಲಿ ಬೆಳಿಗ್ಗೆ ಬ್ಯಾಣ, ಮಧ್ಯಾಹ್ನ ಮೌಂಟ್ (ಫ್ರೇಮಿನೊಳಗೆ ಚಿತ್ರದ ಸುತ್ತ ಕೂರುವ ರಟ್ಟಿನ ಚೌಕಟ್ಟು) ಕತ್ತರಿಸುವುದು, ರಾತ್ರಿ ತಾಳಗುಪ್ಪದಿಂದ ಬರುವ ರೈಲು. ಹೂವು ನನಗಾಗಿ ಕಾಯುವುದಿಲ್ಲ. ಗ್ಯಾಲರಿಯ ತಾರೀಖೂ ಕಾಯುವುದಿಲ್ಲ. ಈ ಓಡಾಟದ ನಡುವೆ ಕೈ ಕೊಡದ ಕಾಗದ ಬೇಕಿತ್ತು.

ಈಗ ವಿಷಯಕ್ಕೆ ಬರುತ್ತೇನೆ.

ಆರ್ಶ್ ಅನ್ನುವುದು ಫ್ರಾನ್ಸಿನ ವೋಜ್ ಪ್ರಾಂತ್ಯದ ಒಂದು ಸಣ್ಣ ಊರು. ಅಲ್ಲಿನ ಕಾಗದದ ಗಿರಣಿ 1492ರಿಂದ ಇದೆ. ನಮ್ಮ ಕಡೆ ಅಂಗಡಿಗಳಲ್ಲಿ ಆರ್ಚಸ್ ಅಂತ ಕೇಳಿದರೇ ಕೊಡುತ್ತಾರೆ, ಫ್ರೆಂಚ್ ಉಚ್ಚಾರ ಹಿಡಿದುಕೊಂಡು ಕೂತರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಬಳಸುವುದು 300 ಜಿಎಸ್‌ಎಂ, ಕೋಲ್ಡ್ ಪ್ರೆಸ್ (ಮೇಲ್ಮೈಯಲ್ಲಿ ಸಣ್ಣ ತರಿ ಇರುವಂಥದ್ದು), 56 × 76 ಸೆಂಟಿಮೀಟರಿನ ಪೂರ್ತಿ ಹಾಳೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ. ಲೆಕ್ಕ ಹಾಕಿದರೆ ಒಂದು ಹಾಳೆ ಸುಮಾರು 128 ಗ್ರಾಂ. ಕೈಯಲ್ಲಿ ಹಿಡಿದರೆ ತೆಳು ಹಲಗೆ ಹಿಡಿದ ಹಾಗೆ, ಅಲ್ಲಾಡಿಸಿದರೆ ತಗಡಿನಂತೆ ಸದ್ದು ಬರುತ್ತದೆ.

ಇದು ಪೂರ್ತಿ ಹತ್ತಿಯ ಕಾಗದ. ಮರದ ತಿರುಳಿನ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಉಳಿದಿದ್ದರೆ ಅದು ಹಳದಿಗಟ್ಟುತ್ತದೆ, ಹಳೇ ದಿನಪತ್ರಿಕೆ ನೋಡಿದ್ದೀರಲ್ಲ, ಅದೇ ಕತೆ. ಹತ್ತಿಯಲ್ಲಿ ಆ ಕಾಟ ಇಲ್ಲ. ಎಳೆಗಳೂ ಉದ್ದ, ಗಟ್ಟಿ. ತಯಾರಿಸುವ ರೀತಿಯೂ ಹಳೆಯದು: ಜಾಲರಿ ಸುತ್ತಿದ ಒಂದು ದೊಡ್ಡ ಉರುಳೆ ನೀರಲ್ಲಿ ಕದಡಿದ ಹತ್ತಿಯ ತೊಟ್ಟಿಯೊಳಗೆ ನಿಧಾನಕ್ಕೆ ತಿರುಗುತ್ತದೆ, ಎಳೆಗಳು ಅದಕ್ಕೆ ಹತ್ತಿಕೊಂಡು ಬರುತ್ತವೆ, ಆಮೇಲೆ ಉಣ್ಣೆಯ ಫೆಲ್ಟ್ ಮೇಲೆ ಒತ್ತುತ್ತಾರೆ. ಕಾಗದದ ಮೇಲಿನ ಆ ಸಣ್ಣ ತರಿ ಬರುವುದು ಫೆಲ್ಟಿನಿಂದ. ಹಾಗಾಗಿ ಯಂತ್ರದಲ್ಲಿ ಅಚ್ಚೊತ್ತಿದ ತರಿಯಂತೆ ಸಾಲುಸಾಲಾಗಿ ಕಾಣುವುದಿಲ್ಲ, ಒಂದೊಂದು ಕಡೆ ಒಂದೊಂದು ಥರ. ಅಂಚು ಕತ್ತರಿಸಿದ್ದಲ್ಲ, ಹರಿದ ರೊಟ್ಟಿಯಂತೆ ಮೆತ್ತಗೆ ತೆಳುವಾಗಿ ಮುಗಿಯುತ್ತದೆ.

ಹತ್ತಿಯನ್ನು ಹಾಗೇ ಬಿಟ್ಟರೆ ಅದು ಒತ್ತುಕಾಗದ, ಶಾಯಿ ಹೀರಿದಂತೆ ಬಣ್ಣ ಹೀರಿಬಿಡುತ್ತದೆ. ಅದನ್ನು ತಡೆಯಲು ಜೆಲಟಿನ್ ಉಣಿಸಿರುತ್ತಾರೆ. ಇದಕ್ಕೆ ಸೈಜಿಂಗ್ ಅಂತಾರೆ, ನಮ್ಮ ಸೀರೆಗೆ ಗಂಜಿ ಹಾಕಿದ ಹಾಗೆ. ಈ ಕಾಗದದಲ್ಲಿ ಜೆಲಟಿನ್ ಒಳಗಿನ ತನಕ ಇಳಿದಿರುತ್ತದೆ. ಹಾಳೆಯನ್ನು ಒದ್ದೆ ಮಾಡಿದ ಕೂಡಲೇ ಒಂದು ವಾಸನೆ ಬರುತ್ತದೆ, ಮಳೆಯಲ್ಲಿ ನೆನೆದ ಕಂಬಳಿಯದ್ದೇ ವಾಸನೆ. ಮೊದಲ ಸಲ ಹೆದರಬೇಡಿ, ಕಾಗದ ಕೆಟ್ಟಿಲ್ಲ. ಆದರೆ ಇದನ್ನು ಹೇಳಲೇಬೇಕು: ಜೆಲಟಿನ್ ಪ್ರಾಣಿಯಿಂದ ಬರುವಂಥದ್ದು. ನಮ್ಮ ಮನೆಯಲ್ಲಿ ಅತ್ತೆಗೆ ಅದು ಗೊತ್ತಾದಾಗ ದೇವರ ಕೋಣೆಗೆ ಬರೆದುಕೊಡುವ ಚಿತ್ರಕ್ಕೆ ಮಾತ್ರ ಬೇರೆ ಕಾಗದ ತಗೋ ಅಂದರು. ಅವರ ಮಾತು ನನಗೆ ಸರಿ ಅನ್ನಿಸಿತು. ಅಂಥವರಿಗೆ ಇಟಲಿಯ ಫಾಬ್ರಿಯಾನೋ ಆರ್ಟಿಸ್ಟಿಕೋ ಇದೆ, ಅದೂ ಪೂರ್ತಿ ಹತ್ತಿ, ಸೈಜಿಂಗ್‌ನಲ್ಲಿ ಪ್ರಾಣಿಯ ವಸ್ತು ಇಲ್ಲ. ನಾನು ಆ ಚಿತ್ರಗಳನ್ನು ಅದರ ಮೇಲೆಯೇ ಮಾಡುತ್ತೇನೆ, ತುಂಬಾ ಒಳ್ಳೆಯ ಕಾಗದ.

ಸುರಗಿ ಬರೆಯುವಾಗ ಈ ಕಾಗದದ ಬೆಲೆ ನನಗೆ ಗೊತ್ತಾಯಿತು. ಸುರಗಿ ಮೊಗ್ಗು ಮುತ್ತಿನ ಹಾಗೆ ದುಂಡಗೆ, ಕೊಂಬೆಯ ಮೈಗೇ ಅಂಟಿಕೊಂಡು ಬಿಡುತ್ತದೆ. ಬೆಳಗಿನ ಜಾವಕ್ಕೆ ಅರಳುತ್ತದೆ. ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರದ ಗೊಂಚಲು. ನಮ್ಮ ಕಡೆ ಹೆಂಗಸರು ಕತ್ತಲಿರುವಾಗಲೇ ಮರದ ಕೆಳಗೆ ಸೀರೆ ಹಾಸಿ ಹೂವು ಕೊಯ್ಯುತ್ತಾರೆ, ಒಣಗಿಸಿ ಪೋಣಿಸಿಟ್ಟರೆ ವರ್ಷವಾದರೂ ಪರಿಮಳ ಹೋಗುವುದಿಲ್ಲ. ಬಿಸಿಲು ಏರುವ ಹೊತ್ತಿಗೆ ಜೇನು ಮುತ್ತಿ, ಎಸಳು ಬಾಡಲು ಶುರು. ನನಗೆ ಸಿಗುವುದು ಆರೂವರೆಯಿಂದ ಒಂಬತ್ತರವರೆಗೆ.

ಜಲವರ್ಣದಲ್ಲಿ ಬಿಳಿ ಹೂವಿಗೆ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದವನ್ನೇ ಬಿಡಬೇಕು. ಹೂವಿನ ಸುತ್ತ ಹಿನ್ನೆಲೆ ಬರೆಯುತ್ತಾ ಹೋದರೆ ಹೂವು ತಾನಾಗಿ ಉಳಿಯುತ್ತದೆ. ಅಂದರೆ ನೀವು ಕೊನೆಗೆ ನೋಡುವ ಆ ಸುರಗಿ ಎಸಳು ಬೇರೇನೂ ಅಲ್ಲ, ಬರೀ ಕಾಗದ! ಆ ಬಿಳಿ ಟ್ಯೂಬ್‌ಲೈಟ್ ಬಿಳಿಯಾದರೆ ಹೂವು ಸತ್ತ ಹಾಗೆ ಕಾಣುತ್ತದೆ. ಇದರ ನ್ಯಾಚುರಲ್ ವೈಟ್ ಸ್ವಲ್ಪ ಕೆನೆಯ ಕಡೆ ಇದೆ, ಸುರಗಿಗೆ ಹೇಳಿ ಮಾಡಿಸಿದ ಹಾಗೆ.

ಹಾಳೆಯನ್ನು ನಾಲ್ಕು ಮಾಡಿ 28 × 38ರ ತುಂಡನ್ನು ಹಲಗೆಗೆ ಅಂಟಿಸಿಕೊಂಡು ಹೋಗುತ್ತೇನೆ. ಹಿನ್ನೆಲೆಯನ್ನು ನೀರಿನಿಂದ ತೋಯಿಸಿ, ಹಸಿಯ ಮೇಲೆಯೇ ಹಸಿರು, ಕಂದು, ಸ್ವಲ್ಪ ನೇರಳೆ ಬಿಟ್ಟರೆ ಅವು ಒಂದರೊಳಗೊಂದು ಹರಿದು ಬ್ಯಾಣದ ಬೆಳಗಿನ ಮಂಜು ಸಿಗುತ್ತದೆ. ಸಾಮಾನ್ಯ ಕಾಗದದಲ್ಲಿ ಮಾರ್ಚ್ ತಿಂಗಳ ಗಾಳಿಗೆ ನೀರು ಮೂರ್ನಾಲ್ಕು ನಿಮಿಷಕ್ಕೆ ಆರಿ, ಬಣ್ಣ ಅಂಚುಗಟ್ಟಿ, ಒದ್ದೆ ಲೋಟ ಇಟ್ಟ ಗುರುತಿನ ಹಾಗೆ ಉಳಿದುಬಿಡುತ್ತಿತ್ತು. ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ದಿನ ಹಿನ್ನೆಲೆ ಹಾಕಿದ ಮೇಲೆ ಒಲೆಯ ಮೇಲೆ ಹಾಲು ಇಟ್ಟದ್ದು ನೆನಪಾಗಿ, ಓಡಿ ಹೋಗಿ ಇಳಿಸಿ, ವಾಪಸ್ ಬಂದು ನೋಡಿದರೆ ಕಾಗದ ಇನ್ನೂ ಹೊಳೆಯುತ್ತಾ ಇತ್ತು. ಬಿಟ್ಟ ಜಾಗದಿಂದಲೇ ಶುರು ಮಾಡಿದೆ. ನನ್ನಂಥ ಮನೆಗೆಲಸದ ನಡುವೆ ಬರೆಯುವವರಿಗೆ ಆ ಐದು ನಿಮಿಷ ಎಂಥ ದೊಡ್ಡದು ಅನ್ನೋದು ಬರೆದವರಿಗೇ ಗೊತ್ತು.

ಇನ್ನೊಂದು ಗುಣ, ಮೇಲ್ಮೈ ಗಟ್ಟಿ. ಪೂರ್ತಿ ಒಣಗಿದ ಮೇಲೆ ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದರೆ ಕೆಳಗಿನ ಬಿಳಿ ಹೊರಗೆ ಬರುತ್ತದೆ. ಕವಳಿ ಮುಳ್ಳಿನ ನಡುವೆ ಜೇಡರ ಬಲೆ, ಅದರ ಮೇಲೆ ಇಬ್ಬನಿ, ಇದನ್ನೆಲ್ಲ ನಾನು ಬ್ಲೇಡಿನಲ್ಲೇ ಮಾಡುವುದು. ಅಗ್ಗದ ಕಾಗದದಲ್ಲಿ ಮಾಡಲು ಹೋದರೆ ಹತ್ತಿ ಎದ್ದಂತೆ ಎದ್ದು ಬರುತ್ತದೆ. ಮಾಸ್ಕಿಂಗ್ ಟೇಪ್ ಕೀಳುವಾಗಲೂ ಇಲ್ಲಿಯವರೆಗೆ ಸಿಪ್ಪೆ ಎದ್ದಿಲ್ಲ. ಒಂದು ಮಾತು ನೆನಪಿರಲಿ: ಹಾಕಿದ ಬಣ್ಣ ಇದರಲ್ಲಿ ಗಟ್ಟಿಯಾಗಿ ಕೂರುತ್ತದೆ. ಒರೆಸಿ ತೆಗೆಯುತ್ತೇನೆ, ತಿದ್ದುತ್ತೇನೆ ಅನ್ನುವವರಿಗೆ ಬೇರೆ ಕಾಗದ ಸುಲಭ. ನನಗೆ ಇದು ಇಷ್ಟವಾಯಿತು, ಮೊದಲ ಬಣ್ಣ ಕೂತ ಮೇಲೆ ಅದರ ಮೇಲೆ ಐದಾರು ಪದರ ಹಾಕಿದರೂ ಕೆಳಗಿನದು ಕದಡುವುದಿಲ್ಲ. ನಾಗಸಂಪಿಗೆಯ ಚಿಗುರಿಗೆ ಅಷ್ಟು ಪದರ ಬೇಕೇ ಬೇಕು.

ಬೆಲೆ. ಮುಚ್ಚುಮರೆ ಬೇಡ, ಜಾಸ್ತಿಯೇ. ಶಾಲೆ ಮಕ್ಕಳ ಡ್ರಾಯಿಂಗ್ ಶೀಟಿನ ಜೊತೆ ಹೋಲಿಸಲೇಬೇಡಿ, ಒಳ್ಳೆಯ ಮರದ ತಿರುಳಿನ ವಾಟರ್‌ಕಲರ್ ಕಾಗದಕ್ಕಿಂತಲೂ ನಾಲ್ಕೈದು ಪಟ್ಟು ಆಗುತ್ತದೆ. ಬಿಡಿ ಹಾಳೆ ಕೊಂಡರೆ ಬ್ಲಾಕಿಗಿಂತ ಅಗ್ಗ. ಬ್ಲಾಕ್ ಎಂದರೆ ಹಾಳೆಗಳ ಅಂಚಿಗೆ ಅಂಟು ಹಾಕಿ ಪುಸ್ತಕದ ಹಾಗೆ ಮಾಡಿರುವುದು, ಹಲಗೆಗೆ ಅಂಟಿಸುವ ಕೆಲಸ ಇಲ್ಲ, ಪ್ರಯಾಣಕ್ಕೆ ಚೆನ್ನ. ಆದರೆ ಅಂಚಿನ ಆ ಹರಿದ ಚಂದ ಬ್ಲಾಕಿನಲ್ಲಿ ಸಿಗುವುದಿಲ್ಲ. ಒಂದು ವಸಂತಕ್ಕೆ ನನಗೆ ಇಪ್ಪತ್ತು ಹಾಳೆ, ಅಂದರೆ ಎಂಬತ್ತು ತುಂಡು. ಅದರಲ್ಲಿ ಗೋಡೆಗೆ ಹೋಗುವುದು ಹದಿನೈದೋ ಇಪ್ಪತ್ತೋ. ಉಳಿದದ್ದರ ಹಿಂಬದಿಯಲ್ಲೂ ಬರೆಯುತ್ತೇನೆ, ಹಿಂಬದಿಯೂ ಅಷ್ಟೇ ಚೆನ್ನಾಗಿದೆ. ಗಡಿಬಿಡಿಯ ಸ್ಕೆಚ್‌ಗಳಿಗೆ ಇದನ್ನು ತೆಗೆಯುವುದಿಲ್ಲ, ಅದಕ್ಕೆ ಜೈಪುರದ ಹತ್ತಿರದ ಸಾಂಗನೇರ್ ಕಡೆಯ ಹತ್ತಿ ಕೈಕಾಗದ ಸಾಕು, ಅದರ ಒರಟುತನವೇ ಒಂದು ಥರ ಚಂದ.

ಮಲೆನಾಡಿನವರಿಗೆ, ಕರಾವಳಿಯವರಿಗೆ ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ, ಯಾಕೆಂದರೆ ಕಾಗದದ ಮೇಲೆ ದುಡ್ಡು ಸುರಿದು ಮಳೆಗಾಲದಲ್ಲಿ ಕಳಕೊಂಡವರು ನಮ್ಮಲ್ಲೇ ಜಾಸ್ತಿ. ಗಾಳಿಯ ತೇವ ನೂರಕ್ಕೆ 65-70 ದಾಟಿ ಹಾಗೇ ನಿಂತರೆ ಬೂಷ್ಟು ಬರುತ್ತದೆ. ಆಷಾಢದಲ್ಲಿ ನಮ್ಮ ಮನೆಯೊಳಗೇ ಅದಕ್ಕಿಂತ ಎಷ್ಟೋ ಜಾಸ್ತಿ. ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಸೈಜಿಂಗ್ ಸಾಯುತ್ತದೆ. ಹಾಳೆ ನೋಡಲು ಬಿಳಿಯಾಗಿ ಚೆನ್ನಾಗಿಯೇ ಇರುತ್ತದೆ, ಬಣ್ಣ ಹಚ್ಚಿದ ಕೂಡಲೇ ಅಲ್ಲಲ್ಲಿ ಗಾಢವಾದ ಚುಕ್ಕೆಗಳು ಮೂಡುತ್ತವೆ, ಅಲ್ಲಿ ಮಾತ್ರ ಕಾಗದ ಒತ್ತುಕಾಗದ ಆಗಿಬಿಟ್ಟಿರುತ್ತದೆ. ಹಿಂದೆ ಬೇರೊಂದು ಕಂಪನಿಯ ಹತ್ತು ಹಾಳೆ ನಾನು ಹೀಗೇ ಕಳಕೊಂಡಿದ್ದೇನೆ, ಅದೂ ಪ್ರದರ್ಶನಕ್ಕೆ ಹನ್ನೆರಡು ದಿನ ಇರುವಾಗ ಗೊತ್ತಾದದ್ದು.

ಆರ್ಶ್ ಕಾಗದಕ್ಕೆ ಬೂಷ್ಟು ತಡೆಯುವ ಮದ್ದು ಹಾಕಿರುತ್ತಾರೆ. ಅದನ್ನೇ ನಂಬಿ ಬೀರುವಿನಲ್ಲಿ ಬಿಡಬೇಡಿ. ಮೊದಲು ನಾನು ಒಲೆ ಮೇಲಿನ ಅಟ್ಟದಲ್ಲಿ ಇಟ್ಟು ನೋಡಿದೆ, ಹಪ್ಪಳ ಸಂಡಿಗೆ ಎಲ್ಲಾ ಅಲ್ಲೇ ತಾನೇ ಬೆಚ್ಚಗಿರುವುದು ಅಂತ. ಒಣಗಿತ್ತು ನಿಜ, ಆದರೆ ಹೊಗೆ ಹಿಡಿದು ಅಂಚು ಹಳದಿಯಾಯಿತು. ಈಗ ಮೇ ತಿಂಗಳ ಒಣ ದಿನ ನೋಡಿ, ಹಾಳೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಾಯಿಗೆ ಗಟ್ಟಿಯಾಗಿ ಟೇಪ್ ಹಾಕಿ, ತಗಡಿನ ಟ್ರಂಕಿನಲ್ಲಿ ಮಲಗಿಸುತ್ತೇನೆ. ಸಿಲಿಕಾ ಜೆಲ್‌ನಲ್ಲಿ ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ, ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಬೇಡ. ಯಾವುದೇ ಆಗಲಿ ಅಡುಗೆಯ ಬಾಣಲೆಗೆ ಹಾಕಬೇಡಿ. ಹೀಗೆ ಇಟ್ಟ ಹಾಳೆಗಳು ಮೂರು ಮಳೆಗಾಲ ದಾಟಿವೆ, ಒಂದರಲ್ಲೂ ಚುಕ್ಕೆ ಎದ್ದಿಲ್ಲ.

ಬಣ್ಣದ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಟ್ಯೂಬಿನ ಮೇಲೆ ಚಂದದ ಹೆಸರು ಇರುತ್ತದೆ, ಅದನ್ನು ಬಿಡಿ, ಸಣ್ಣಕ್ಷರದ ಪಿಗ್ಮೆಂಟ್ ಸಂಖ್ಯೆ ಓದಿ, ಒಳಗೆ ಯಾವ ಬಣ್ಣದ ಪುಡಿ ಇದೆ ಅಂತ ಹೇಳುವುದು ಅದೇ. ಮಲ್ಲೇಶ್ವರದ ಚಿತ್ರದಲ್ಲಿ ನಾನು ಮುತ್ತುಗದ ಕೆಂಪಿಗೆ ಹಾಕಿದ್ದು ಅಲಿಜರಿನ್ ಕ್ರಿಮ್ಸನ್, ಪಿಆರ್ 83. ಇದು ಬೆಳಕಿಗೆ ಹಾರಿಹೋಗುವ ಬಣ್ಣ ಅಂತ ಕಲಾವಿದರಿಗೆ ಬಹಳ ಹಿಂದಿನಿಂದ ಗೊತ್ತು, ತೆಳುವಾಗಿ ಹಚ್ಚಿದರಂತೂ ಬೇಗ ಹೋಗುತ್ತದೆ. ನನಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕಿತ್ತು. ಅದಾದ ಮೇಲೆ ಇದೇ ಕಾಗದದ ಉದ್ದ ಪಟ್ಟಿಯ ಮೇಲೆ ನನ್ನ ಹತ್ತಿರ ಇದ್ದ ಎಲ್ಲಾ ಬಣ್ಣ ಹಚ್ಚಿ, ಅರ್ಧಕ್ಕೆ ರಟ್ಟು ಮುಚ್ಚಿ, ಫೆಬ್ರವರಿಯಿಂದ ಏಪ್ರಿಲ್ ಕೊನೆವರೆಗೆ ದಕ್ಷಿಣದ ಕಿಟಕಿಗೆ ಅಂಟಿಸಿಟ್ಟೆ. ರಟ್ಟು ತೆಗೆದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಲಿಜರಿನ್ ತೆಳುವಾಗಿದ್ದ ಕಡೆ ಬರೀ ನೆನಪು ಉಳಿದಿತ್ತು. ಒಪೇರಾ ಪಿಂಕ್ ಅನ್ನುವ ಹೊಳೆಯುವ ಗುಲಾಬಿ ಇದೆಯಲ್ಲ, ಅದರ ಹೊಳಪೆಲ್ಲ ಹೋಗಿತ್ತು, ಅದರಲ್ಲಿ ಸೇರಿಸುವ ಫ್ಲೋರೊಸೆಂಟ್ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಕ್ವಿನಾಕ್ರಿಡೋನ್ ರೋಸ್, ಪಿವಿ 19, ಹಾಗೇ ಇತ್ತು. ಪೈರೋಲ್ ಆರೆಂಜ್, ಪಿಒ 73, ಹಾಗೇ ಇತ್ತು. ಈಗ ಮುತ್ತುಗ ಎಂದರೆ ಇವೆರಡೇ. ಫೆಬ್ರವರಿ-ಮಾರ್ಚ್‌ನಲ್ಲಿ ಬೆಂಗಳೂರಿಗೆ ಬಂದಾಗ ರಸ್ತೆ ತುಂಬಾ ಗುಲಾಬಿ ಟಬೆಬುಯಾ ಬಿಟ್ಟಿರುತ್ತದೆ, ಒಪೇರಾ ಹಚ್ಚುವ ಆಸೆ ಆಗುತ್ತದೆ, ಕೈ ಹೋಗುತ್ತದೆ. ಮಾರುವ ಚಿತ್ರಕ್ಕೆ ಬೇಡ.

ಬೆಂಗಳೂರಿನ ಹೂಮರ ಅಂದಾಗ ರುಮಾಲೆ ಚನ್ನಬಸವಯ್ಯನವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1910ರಿಂದ 1988ರವರೆಗೆ ಬದುಕಿದ್ದವರು, ಸ್ವಾತಂತ್ರ್ಯ ಹೋರಾಟಗಾರರು, ಈ ಊರಿನ ಹೂಬಿಟ್ಟ ಮರಗಳ ಎದುರೇ ಕೂತು ಬರೆದವರು. ಹಾಗೆಯೇ ಕೆ. ವೆಂಕಟಪ್ಪನವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು, ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಅವರದ್ದೇ ಹೆಸರು. ಅವರ ಊಟಿಯ ಜಲವರ್ಣಗಳ ಮುಂದೆ ಮೊದಲ ಸಲ ನಿಂತಾಗ ನಾನು ನೋಡಿದ್ದು ಬೆಟ್ಟ, ಮೋಡ, ಆ ಮಂಜಿನ ನೀಲಿ. ಮಲ್ಲೇಶ್ವರದ ಘಟನೆ ಆದ ಮೇಲೆ ಮತ್ತೆ ಹೋಗಿ ನಿಂತಾಗ ನೋಡಿದ್ದು ಕಾಗದ. ಅವರು ತೀರಿಕೊಂಡದ್ದು 1965ರಲ್ಲಿ, ಆ ನೀಲಿ ಇನ್ನೂ ಇದೆ. ಮ್ಯೂಸಿಯಂಗಳಲ್ಲಿ ಕಾಗದದ ಮೇಲಿನ ಚಿತ್ರಕ್ಕೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡುವುದಿಲ್ಲ. ನಮ್ಮ ಹಾಲ್‌ಗಳಲ್ಲಿ ಹಗಲು ಹೊತ್ತು ಕಿಟಕಿ ಪಕ್ಕ ಅದರ ಎಷ್ಟೋ ಪಟ್ಟು ಇರುತ್ತದೆ. ಹಾಗಾಗಿ ಚಿತ್ರ ಕೊಂಡವರಿಗೆ ನಾನು ಈಗ ಕಟ್ಟುವಾಗಲೇ ಹೇಳುತ್ತೇನೆ, ಕಿಟಕಿ ಎದುರು ಬೇಡ, ಅಡುಗೆಮನೆ ಹತ್ತಿರ ಬೇಡ, ಒಳಗಿನ ಗೋಡೆಗೆ ಹಾಕಿ.

ಫ್ರೇಮಿಗೆ ಬರೋಣ. ಈ ಕಾಗದ ಬಳಸಿದ ಮೇಲೆ ನಾನು ಚಿತ್ರದ ಅಂಚನ್ನು ಮೌಂಟಿನಡಿ ಮುಚ್ಚುವುದು ಬಿಟ್ಟೆ. ಆ್ಯಸಿಡ್ ಇಲ್ಲದ ಬೋರ್ಡಿನ ಮೇಲೆ ಚಿತ್ರವನ್ನು ತೇಲಿಸಿದ ಹಾಗೆ ಕೂರಿಸುತ್ತೇನೆ, ನಾಲ್ಕೂ ಕಡೆಯ ಅಂಚು ಕಾಣುತ್ತದೆ. ತುಂಡು ಮಾಡುವಾಗ ಕತ್ತರಿ ಹಾಕುವುದಿಲ್ಲ, ಮಡಚಿ, ಮಡಿಕೆಗೆ ನೀರು ಸವರಿ, ಮೆಲ್ಲಗೆ ಎಳೆದರೆ ಹರಿದ ಅಂಚು ಎಲ್ಲಾ ಬದಿಗೂ ಸಿಗುತ್ತದೆ. ಅಂಟಿಸುವುದು ಮೇಲಿನ ಎರಡು ಕಡೆ ಮಾತ್ರ, ತೆಳು ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು. ಉಳಿದ ಕಡೆ ಬಿಡಬೇಕು. ಯಾಕೆಂದರೆ ಕಾಗದ ಉಸಿರಾಡುತ್ತದೆ, ನಮ್ಮೂರಿನ ತೇವದಲ್ಲಿ ಹಿಗ್ಗಿ, ಮಾರ್ಚ್‌ನ ಬೆಂಗಳೂರಿನ ಒಣ ಗಾಳಿಗೆ ಕುಗ್ಗುತ್ತದೆ. ನಾಲ್ಕೂ ಕಡೆ ಬಿಗಿದರೆ ಅಲೆ ಅಲೆಯಾಗಿ ಏಳುತ್ತದೆ. ರೈಲಿನಿಂದ ಇಳಿಸಿ, ಪ್ರದರ್ಶನದ ಹಿಂದಿನ ರಾತ್ರಿ ಚಿತ್ರಗಳನ್ನು ಗೋಡೆಗೆ ಒರಗಿಸಿಟ್ಟು ಬೆಳಿಗ್ಗೆ ನೋಡುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಚಪ್ಪಟೆಯಾಗಿ ಇರುತ್ತವೆ.

ಪ್ರದರ್ಶನದಲ್ಲಿ ಜನ ಏನು ಕೇಳುತ್ತಾರೆ ಗೊತ್ತಾ? ಕಲೆಯ ಬಗ್ಗೆ ದೊಡ್ಡ ಮಾತು ಕೇಳುವವರು ಕಮ್ಮಿ. "ಇದು ಯಾವ ಹೂವು", "ನಮ್ಮ ಅಜ್ಜಿ ಮನೇಲಿ ಇತ್ತು", ಆಮೇಲೆ ಸ್ವಲ್ಪ ಸಂಕೋಚದಿಂದ, "ಇದು ಎಷ್ಟು ವರ್ಷ ಹೀಗೇ ಇರುತ್ತೆ?" ತಿಂಗಳ ಸಂಬಳದಲ್ಲಿ ಎತ್ತಿಟ್ಟು ಕೊಳ್ಳುವವರು ಅವರು. ಹಿಂದೆ ಆ ಪ್ರಶ್ನೆಗೆ ನಾನು ಏನೋ ಒಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಈಗ ಕಾಗದದ ಹೆಸರು, ಬಣ್ಣದ ಸಂಖ್ಯೆ ಎಲ್ಲಾ ಒಂದು ಚೀಟಿಯಲ್ಲಿ ಬರೆದು ಫ್ರೇಮಿನ ಹಿಂದೆ ಅಂಟಿಸಿರುತ್ತೇನೆ, ತಿರುಗಿಸಿ ತೋರಿಸುತ್ತೇನೆ. ಹೋದ ವರ್ಷ ಕಾರವಾರ ಕಡೆಯ ಒಬ್ಬ ಅಜ್ಜಿ ಸುರಗಿ ಚಿತ್ರದ ಗಾಜಿಗೆ ಮೂಗು ತಾಗಿಸಿ ನಿಂತಿದ್ದರು. ಮಗಳು ಎಳೆದರೂ ಕದಲಲಿಲ್ಲ. "ವಾಸನೆ ಬರ್ತಾ ಇದೆ ಅಲ್ವಾ" ಅಂದರು. ಆ ಚಿತ್ರ ಅವರ ಜೊತೆಗೇ ಹೋಯಿತು.

ಮಲ್ಲೇಶ್ವರದವರಿಗೆ ಮುತ್ತುಗ ಮತ್ತೆ ಬರೆದುಕೊಟ್ಟೆ, ಇದೇ ಕಾಗದದ ಮೇಲೆ, ಪಿಒ 73ರಲ್ಲಿ. ದುಡ್ಡು ಕೊಡಲು ಬಂದರು, ನಾನು ಮುಟ್ಟಲಿಲ್ಲ. ಅದನ್ನು ಕಿಟಕಿಯಿಂದ ದೂರದ ಗೋಡೆಗೆ ಹಾಕಿದ್ದಾರೆ. ಪ್ರತಿ ಯುಗಾದಿಗೆ ಬೆಂಗಳೂರಿಗೆ ಹೋದಾಗ ನೋಡಿ ಬರುತ್ತೇನೆ. ಮೂರು ವರ್ಷ ಆಯಿತು, ನನ್ನ ಹತ್ತಿರ ಉಳಿದ ಬಣ್ಣದ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ನೋಡಿದೆ, ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಯಾರು ತಗೋಬೇಕು? ಕಲಿಯುತ್ತಾ ಇರುವವರು ಮೊದಲ ದಿನವೇ ಇದಕ್ಕೆ ದುಡ್ಡು ಹಾಕಿ ಅಂತ ನಾನು ಹೇಳುವುದಿಲ್ಲ, ಆದರೆ ಪೂರ್ತಿ ಒಂದು ವರ್ಷ ಬರೀ ಅಗ್ಗದ ಕಾಗದದಲ್ಲಿ ಒದ್ದಾಡಿ "ನನಗೆ ವಾಶ್ (ನೀರಾದ ಬಣ್ಣವನ್ನು ಅಗಲಕ್ಕೆ ಹರಡುವುದು) ಬರಲ್ಲ" ಅಂತ ಬಿಟ್ಟವರನ್ನು ನೋಡಿದ್ದೇನೆ, ತಪ್ಪು ಅವರ ಕೈಯದ್ದಾಗಿರಲಿಲ್ಲ. ಒಂದೇ ಒಂದು ಹಾಳೆ ತಗೊಂಡು ಎಂಟು ತುಂಡು ಮಾಡಿ ನೋಡಿ. ಚಿತ್ರ ಮಾರುವವರಾದರೆ ಹತ್ತಿ ಕಾಗದ ಬಿಟ್ಟು ಬೇರೆ ಬಳಸಬೇಡಿ, ಈ ಕಂಪನಿಯದ್ದೇ ಆಗಬೇಕೆಂದಿಲ್ಲ. ತಿಳಿ ಹೂವು, ಮಂಜು, ಪದರದ ಕೆಲಸಕ್ಕೆ ಕೋಲ್ಡ್ ಪ್ರೆಸ್. ಸಸ್ಯಶಾಸ್ತ್ರದ ಚಿತ್ರದ ಹಾಗೆ ಎಳೆ ಎಳೆ ಬಿಡಿಸುವವರಿಗೆ ನುಣುಪಾದ ಹಾಟ್ ಪ್ರೆಸ್. ಬಂಡೆ, ತೊಗಟೆ ಬರೆಯುವವರಿಗೆ ಒರಟು ತರಿಯ ರಫ್.

ಕೊಳ್ಳುವಾಗ ಸಾಧ್ಯವಾದರೆ ಅಂಗಡಿಗೇ ಹೋಗಿ. ಒಂದು ಸಲ ಆನ್‌ಲೈನಿನಲ್ಲಿ ತರಿಸಿದ್ದೆ, ಮಾರಿದವರು ಹಾಳೆಗಳನ್ನು ಸುರುಳಿ ಸುತ್ತಿ ಕಳಿಸಿ, ಮೂರರ ಮೂಲೆ ಮುರಿದು ಬಂತು. ಹಾಳೆಯನ್ನು ಬೆಳಕಿಗೆ ಹಿಡಿಯಿರಿ, ಮೂಲೆಯ ಹತ್ತಿರ ಕಂಪನಿಯ ನೀರುಗುರುತು ಕಾಣಬೇಕು. ಮನೆಗೆ ತಂದ ಕೂಡಲೇ ಒಂದು ಹಾಳೆಯ ಅಂಚಿನಲ್ಲಿ ಎರಡು ಬೆರಳಗಲ ತೆಳುವಾಗಿ ನೀಲಿ ಎಳೆದು ನೋಡಿ. ಸಮವಾಗಿ ಕೂತರೆ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ. ಚುಕ್ಕೆ ಎದ್ದರೆ ಅವತ್ತೇ ವಾಪಸ್ ಒಯ್ಯಿರಿ, ಬಿಲ್ ಜೊತೆಗೆ.